ಮೇಣ ಮೆತ್ತಿದ ಫಿರಂಗಿ

ಭಾನುವಾರ, ಮಧ್ಯಾಹ್ನ

ಮುದ್ದು ಗುಬ್ಬಿಗೆ,

ಅಮ್ಮನ ಪ್ರೀತಿಯ ನೆನಪುಗಳು. ಕಾಗದದ ಮೊದಲ ಸಾಲಿನಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ ಅಂತ ಬರೆಯಬೇಕು. ನಿಮ್ಮಪ್ಪ ಚೆನ್ನಾಗಿದ್ದಾರೆ. ಮಂಡಿ ನೋವು ಅಂತ ಗೊಣಗುತ್ತಾರೆ, ಗೊಣಗಿ ಮುಗಿಸಿ ಮಾರ್ಕೆಟ್ಟಿನ ತನಕ ನಡೆದುಕೊಂಡೇ ಹೋಗಿ ಬರುತ್ತಾರೆ. ನಾನು ಹೇಗಿದ್ದೇನೆ ಅನ್ನುವುದು ಈ ಕಾಗದ ಓದಿ ಮುಗಿಸುವಷ್ಟರಲ್ಲಿ ನಿನಗೇ ಗೊತ್ತಾಗುತ್ತದೆ.

ಫೋನಿರುವಾಗ ಕಾಗದ ಯಾಕೆ ಅಂತ ನೀನು ಹುಬ್ಬು ಗಂಟಿಕ್ಕುತ್ತೀಯ, ಅದೂ ಗೊತ್ತು. ಮೊದಲನೆಯದಾಗಿ ನೀನು ನನ್ನ ಫೋನು ಎತ್ತುತ್ತಿಲ್ಲ. ಎತ್ತಿದರೂ "ಸೈಟಲ್ಲಿದೀನಿ, ಆಮೇಲೆ" ಅಂತ ಇಟ್ಟುಬಿಡುತ್ತೀಯ. ಜಮೀನು ಅಳೆಯುವ ಕೆಲಸದಲ್ಲಿ ಇಷ್ಟೊಂದು "ಆಮೇಲೆ" ಇರುತ್ತದೆ ಅಂತ ನನಗೆ ತಿಳಿದಿರಲಿಲ್ಲ. ಎರಡನೆಯದು ನನ್ನದೇ ಬುದ್ಧಿ. ಫೋನಿನಲ್ಲಿ ನಾನು ಮಾತು ತಿರುಗಿಸುತ್ತೇನೆ. ನೀನು ಒಂದು ಸಲ ಉಸಿರು ಬಿಟ್ಟರೆ ಸಾಕು, ಟೊಮೇಟೊ ರೇಟಿಗೆ ಹೋಗಿಬಿಡುತ್ತೇನೆ. ಕಾಗದವಾದರೆ ಅಂಚೆ ಡಬ್ಬಿಗೆ ಬಿದ್ದ ಮೇಲೆ ಕೈ ಹಾಕಿ ತೆಗೆಯಲು ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಸಿಟ್ಟು ನ್ಯಾಯವಾದದ್ದು. ಅಮ್ಮನ ಕಾಲೇಜಿನ ಪ್ರಾಜೆಕ್ಟು ನೋಡಬೇಕು ಅಂತ ನೀನು ರಜೆ ಹಾಕಿ ಬಂದೆ. ಬೆಳಗ್ಗೆಯಿಂದ ನಮ್ಮ ಗುಂಪು ಮಾಡಿದ ಫಿರಂಗಿಯ ಪಕ್ಕದಲ್ಲೇ ಸುಳಿದಾಡಿ, ಹಗ್ಗದ ಬೇಲಿಗೆ ಒರಗಿಕೊಂಡು ವಿಡಿಯೊ ತೆಗೆಯಲು ಜಾಗ ಹಿಡಿದೆ. ಇನ್ನೇನು ಬತ್ತಿಗೆ ಬೆಂಕಿ ಇಡಬೇಕು ಅನ್ನುವಾಗ ನಾನು ಬಂದು, ಎರಡನೇ ಮಹಡಿಯ ಕ್ಲಾಸಿನಲ್ಲಿ ನನ್ನ ನೀರಿನ ಬಾಟಲಿ ಇದೆ, ಓಡಿಹೋಗಿ ತಗೊಂಡು ಬಾ ಅಂದೆ. ಆಮೇಲೆ ತರ್ತೀನಮ್ಮ ಅಂದೆ ನೀನು. ನಾನು ಎಲ್ಲರೆದುರು ಗದರಿದೆ. ನೀನು ಮೆಟ್ಟಿಲ ಮೇಲಿದ್ದಾಗ ಫಿರಂಗಿ ಹಾರಿಸಿಬಿಟ್ಟರು. ಬಾಟಲಿ ಹಿಡಿದು ಇಳಿದು ಬರುವಷ್ಟರಲ್ಲಿ ಹೊಗೆ ಮಾತ್ರ ಉಳಿದಿತ್ತು. ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ನೀನು ಕೇಳಿದೆ, ನಿನ್ನ ಫ್ರೆಂಡ್ಸ್ ಫೋಟೋದಲ್ಲಿ ನಾನು ಇರಬಾರದಿತ್ತಾ ಅಂತ. ಬಾಯಾರಿತ್ತು ಕಣೇ, ಅಷ್ಟೇ ಅಂತ ನಾನು ಹಲ್ಲು ಗಿಂಜಿದೆ.

ನನಗೆ ಬಾಯಾರಿರಲಿಲ್ಲ. ಆ ಮಾತಿಗೆ ಬರುತ್ತೇನೆ. ನೇರವಾಗಿ ಬರಲು ಧೈರ್ಯ ಸಾಲುತ್ತಿಲ್ಲ, ಸುತ್ತಿ ಬಳಸಿ ಬರುತ್ತೇನೆ. ಬೇಸರವಾದರೂ ನಡುವೆ ಬಿಟ್ಟು ಏಳಬೇಡ.

ನಮ್ಮ ಗುಂಪನ್ನು ನೀನು ಅವತ್ತು ನೋಡಿದ್ದೀಯ. ಆದರೆ ಅವತ್ತು ಎಲ್ಲರೂ ಇಸ್ತ್ರಿ ಬಟ್ಟೆ ಹಾಕಿಕೊಂಡು ನಗುತ್ತಿದ್ದರು, ಅದು ನಿಜವಾದ ಗುಂಪಲ್ಲ. ಸಂಜೆ ಕಾಲೇಜಿಗೆ ಬರುವವರು ಹಗಲೆಲ್ಲ ದುಡಿದು ಸೋತ ಮುಖದಲ್ಲಿ ಬರುತ್ತಾರೆ. ಕಂಡಕ್ಟರನಿಗೆ ಸಿಟಿ ಬಸ್ಸಿನ ಡ್ಯೂಟಿ. ಕ್ಲಾಸಿನಲ್ಲೂ "ಸ್ವಲ್ಪ ಮುಂದೆ ಹೋಗಿ, ಮುಂದೆ ಹೋಗಿ" ಅಂತಲೇ ಬೆಂಚಿನಲ್ಲಿ ಜಾಗ ಮಾಡಿಸಿಕೊಳ್ಳುತ್ತಾನೆ. ನಿಂತು ನಿಂತು ಕಾಲಿನ ನರ ಉಬ್ಬಿವೆ. ಡಿಗ್ರಿ ಒಂದು ಕೈಗೆ ಬಂದರೆ ಡಿಪೋದಲ್ಲಿ ಕೂತು ಮಾಡುವ ಕೆಲಸ ಸಿಗುತ್ತದೆ. ನರ್ಸಮ್ಮ ಕಣ್ಣು ಬಿಟ್ಟುಕೊಂಡೇ ನಿದ್ದೆ ಮಾಡಬಲ್ಲಳು, ಆದರೆ ಹೆಸರು ಕರೆದರೆ ಸರಿಯಾದ ಉತ್ತರ ಕೊಡುತ್ತಾಳೆ. ಝೆರಾಕ್ಸ್ ಅಂಗಡಿಯವರಿಗೆ ನಾವು ಮೀಸೆ ಅಂತ ಹೆಸರಿಟ್ಟಿದ್ದೇವೆ. ಅವರ ಮೀಸೆ ನೋಡಿದವರಿಗೆ ಕಾರಣ ಕೇಳುವ ಅಗತ್ಯವಿಲ್ಲ. ನನ್ನನ್ನು ಎಲ್ಲರೂ ದೊಡ್ಡಮ್ಮ ಅನ್ನುತ್ತಾರೆ.

ಇತಿಹಾಸದ ಮೇಷ್ಟ್ರು ಈ ಸಲ, ಯಾವುದಾದರೂ ಒಂದು ವಸ್ತು ಹೇಗೆ ಹುಟ್ಟಿತು ಅನ್ನುವುದನ್ನು ಬರೆದರೆ ಸಾಲದು, ಮಾಡಿ ತೋರಿಸಬೇಕು ಅಂದರು. ಬೇರೆ ಗುಂಪಿನವರು ತಕ್ಕಡಿ, ಬೀಗ, ಮರಳು ಗಡಿಯಾರ ಅಂತ ಬುದ್ಧಿವಂತಿಕೆಯಿಂದ ಆರಿಸಿಕೊಂಡರು. ನಮ್ಮ ಕಂಡಕ್ಟರ್ ಎದ್ದು ನಿಂತು ಫಿರಂಗಿ ಅಂದುಬಿಟ್ಟ. ಮೇಷ್ಟ್ರು ಕನ್ನಡಕ ತೆಗೆದು ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದರು. ಮೊಳದಷ್ಟು ಉದ್ದದ್ದು ಸರ್, ಶಬ್ದ ಮಾತ್ರ, ಗುಂಡು ಇಲ್ಲ ಅಂತ ಅವನೇ ಸಮಾಧಾನ ಮಾಡಿದ. ಮನೆಯಲ್ಲಿ ಹೇಳಿದಾಗ ನಿಮ್ಮಪ್ಪ ಪೇಪರಿನಿಂದ ತಲೆಯೆತ್ತದೆ, ಈ ಮನೇಲಿ ಗುಡುಗೋದಕ್ಕೆ ಒಬ್ಬಳು ಸಾಲ್ದಾ ಅಂದರು.

ಕೆಲಸ ಹಂಚಿಕೊಳ್ಳುವ ದಿನ ನಾನು ಸ್ವಲ್ಪ ತಡವಾಗಿ ಹೋದೆ. ಬಾಗಿಲ ಹೊರಗೆ ಚಪ್ಪಲಿ ಬಿಡುತ್ತಿರುವಾಗ ಮೀಸೆಯ ಮಾತು ಕಿವಿಗೆ ಬಿತ್ತು. ದೊಡ್ಡಮ್ಮಂಗೆ ಸುಲಭದ್ದು ಕೊಡಿ ಪಾಪ, ಕೆಟ್ಟರೂ ನಾವು ಸುಧಾರಿಸಬಹುದು ಅಂದರು. ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ. ಆದರೆ ಆ "ಪಾಪ" ಇದೆಯಲ್ಲ, ಅದು ಮುಳ್ಳಿನ ಹಾಗೆ ಒಳಗೇ ಮುರಿದುಕೊಂಡಿತು. ನಗುತ್ತಾ ಒಳಗೆ ಹೋಗಿ, ಇತಿಹಾಸದ ಅಧ್ಯಾಯವನ್ನೂ ನಾನೇ ಬರೆಯುತ್ತೇನೆ, ಅಚ್ಚು ಒಣಗಿಸುವುದೂ ನಾನೇ, ಎರಕವಾದ ಮೇಲೆ ಉಜ್ಜಿ ಹೊಳಪು ಕೊಡುವುದೂ ನಾನೇ ಅಂದೆ. ಅವತ್ತಿನಿಂದ ಶುರುವಾಯಿತು ಇದು.

ಅಧ್ಯಾಯ ಚೆನ್ನಾಗಿ ಬಂತು, ಅದರಲ್ಲಿ ಸುಳ್ಳಿಲ್ಲ. ನೀನೂ ಓದಿ ಮೆಚ್ಚಿಕೊಂಡಿದ್ದೆ. ಮೊದಮೊದಲು ಕಬ್ಬಿಣದ ಪಟ್ಟಿಗಳನ್ನು ಪೀಪಾಯಿಯ ಹಾಗೆ ಜೋಡಿಸಿ ಸುತ್ತ ಬಳೆ ಬಿಗಿದು ಫಿರಂಗಿ ಮಾಡುತ್ತಿದ್ದುದು, ಆಮೇಲೆ ಕಂಚಿನ ಎರಕ ಬಂದದ್ದು, ಗಂಟೆ ಎರಕ ಹೊಯ್ಯುವವರಿಗೇ ಫಿರಂಗಿ ಮಾಡುವ ಕೆಲಸವೂ ಬಂದದ್ದು, ಯುದ್ಧ ಬಂದಾಗ ಗಂಟೆಗಳನ್ನು ಕರಗಿಸಿ ಫಿರಂಗಿ ಮಾಡಿದ್ದು, ಎಲ್ಲ ಬರೆದೆ. ಅದರಲ್ಲೊಂದು ಪ್ಯಾರಾ ಇದೆ, ನಿನಗೆ ನೆನಪಿದೆಯೋ ಇಲ್ಲವೋ. ಎರಕದಲ್ಲಿ ಗಾಳಿ ಸಿಕ್ಕಿಕೊಂಡು ತೂತು ಬಿದ್ದರೆ ಆ ಫಿರಂಗಿ ಒಂದಲ್ಲ ಒಂದು ದಿನ ಒಡೆದು, ಹಚ್ಚಿದವನನ್ನೇ ಕೊಲ್ಲುತ್ತದೆ. ಅದಕ್ಕೇ ಪರೀಕ್ಷೆ ಮಾಡುವವರು ಕನ್ನಡಿಯಿಂದ ಬಿಸಿಲನ್ನು ನಳಿಗೆಯೊಳಗೆ ಹಾಯಿಸಿ ನೋಡುತ್ತಿದ್ದರು. ಕೆಲವು ಎರಕದವರು ಆ ತೂತಿಗೆ ಮೇಣವನ್ನೂ ಲೋಹದ ಪುಡಿಯನ್ನೂ ಕಲಸಿ ತುಂಬಿ, ಮೇಲೆ ಉಜ್ಜಿ ಹೊಳಪು ಕೊಟ್ಟು ಸಾಗಹಾಕುತ್ತಿದ್ದರು. ಇದನ್ನು ನಾನು ಗುಂಪಿನಲ್ಲಿ ಓದಿದಾಗ ನರ್ಸಮ್ಮ ನಿದ್ದೆಯಿಂದ ಎಚ್ಚೆತ್ತು, ಎಂಥಾ ಪಾಪಿಗಳು ಅಂದಳು. ನಾನೂ ಥೂ ಅಂದೆ.

ಇನ್ನು ಅಚ್ಚು. ಮೊದಲು ಫಿರಂಗಿಯನ್ನು ಮೇಣದಲ್ಲಿ ಮಾಡುವುದು, ಅದರ ಮೇಲೆ ಪದರ ಪದರವಾಗಿ ಮಣ್ಣು ಮೆತ್ತುವುದು, ಕಾಯಿಸಿ ಮೇಣವನ್ನು ಹರಿಸಿ ತೆಗೆಯುವುದು. ಆಮೇಲೆ ಆ ಟೊಳ್ಳು ಮಣ್ಣನ್ನು ಇದ್ದಿಲ ಕೆಂಡದ ಮೇಲೆ ಸಣ್ಣ ಕಾವಿನಲ್ಲಿ ಪೂರಾ ಒಣಗಿಸಬೇಕು. ಒಳಗೆ ತೇವ ಉಳಿದರೆ ಕಂಚು ಹೊಯ್ದಾಗ ಅದು ಆವಿಯಾಗಿ ನುಗ್ಗಿ ತೂತು ಮಾಡುತ್ತದೆ. ಗಂಟೆಗಳನ್ನೂ ನಲ್ಲಿಗಳನ್ನೂ ಎರಕ ಹೊಯ್ಯುವ ಶೆಡ್ಡಿನ ಯಜಮಾನರು ಇದನ್ನೆಲ್ಲ ಬಿಡಿಸಿ ಹೇಳಿ, ಅಚ್ಚನ್ನು ನನ್ನ ಕೈಗೆ ಕೊಟ್ಟಿದ್ದರು. ನಮ್ಮ ಹಿಂದಿನ ವರಾಂಡದಲ್ಲಿ ಹಳೆಯ ಬಾಣಲೆಗೆ ಕೆಂಡ ಹಾಕಿ ಕೂತೆ. ದಿನವೂ ಮಗುವಿಗೆ ಎಣ್ಣೆ ಹಚ್ಚುವ ಹಾಗೆ ತಿರುಗಿಸಿ ಮುರುಗಿಸಿ ಕಾಯಿಸಿದೆ. ನಿಮ್ಮಪ್ಪ ಇಣುಕಿ ನೋಡಿ, ಈ ಮರ್ಯಾದೆ ನನಗೆ ಜ್ವರ ಬಂದಾಗಲೂ ಸಿಕ್ಕಿರಲಿಲ್ಲ ಅಂದರು.

ಒಣಗಿಸುವ ಕೊನೆಯ ದಿನ ಲಾಯರರ ಕೋಟು ಬಂತು. ನುಸಿ ತಿಂದಿತ್ತು, ರಫೂ ಮಾಡಿ ಮರುದಿನವೇ ಕೊಡಬೇಕು, ಇಲ್ಲದಿದ್ದರೆ ಬೇರೆ ಕಡೆ ಕೊಡುತ್ತೇನೆ ಅಂದರು. ಹಳೆಯ ಗಿರಾಕಿ. ನಾನು ಕೋಟು ಹಿಡಿದು ಕಿಟಕಿ ಪಕ್ಕ ಕೂತೆ. ಕಪ್ಪು ಬಟ್ಟೆಗೆ ಕಪ್ಪು ದಾರ, ಕಣ್ಣು ಅಲ್ಲೇ ನೆಟ್ಟಿತ್ತು. ಎದ್ದು ನೋಡುವಷ್ಟರಲ್ಲಿ ಕೆಂಡವೆಲ್ಲ ಬೂದಿಯಾಗಿ ಅಚ್ಚು ತಣ್ಣಗೆ ಕೂತಿತ್ತು. ಮತ್ತೆ ಹಚ್ಚಬೇಕಿತ್ತು. ಆ ಹೊತ್ತಿಗೆ ಮೀಸೆ ಫೋನು ಮಾಡಿ, ದೊಡ್ಡಮ್ಮ, ಒಣಗ್ತಾ, ಇಲ್ಲ ಅಂದ್ರೆ ಹೇಳಿ, ಎರಕದವರಿಗೆ ಒಂದು ವಾರ ಮುಂದಕ್ಕೆ ಹಾಕಿ ಅಂತೀನಿ ಅಂದರು. ಆ "ಪಾಪ" ಮತ್ತೆ ಚುಚ್ಚಿತು. ಬೆರಳ ಗೆಣ್ಣಿನಿಂದ ಅಚ್ಚನ್ನು ತಟ್ಟಿದೆ, ಟಣಟಣ ಅಂದಿತು ಅನ್ನಿಸಿತು. ಒಣಗಿದೆ ಅಂದೆ.

ಶೆಡ್ಡಿನಲ್ಲಿ ಕಂಚು ಹೊಯ್ಯುವಾಗ ನೀನು ಇರಬೇಕಿತ್ತು ಅಂತ ಫೋನಿನಲ್ಲಿ ವರ್ಣಿಸಿದ್ದೆನಲ್ಲ, ಆ ಕೆಂಪು, ಆ ಬೆಳಕು ಅಂತೆಲ್ಲ. ಒಂದನ್ನು ಬಿಟ್ಟಿದ್ದೆ. ಅಚ್ಚಿನ ಬಾಯಿಂದ ಗುಳುಗುಳು ಅಂತ ಸದ್ದು ಬಂತು, ಒಂದಿಷ್ಟು ಸಿಡಿಯಿತು. ಯಜಮಾನರು ಹಿಂದೆ ಸರಿದು, ಹಸಿ ಇತ್ತೇನ್ರೀ ಅಂತ ಕೇಳಿದರು. ಎಲ್ಲರೂ ನನ್ನ ಮುಖ ನೋಡಿದರು. ಇಲ್ಲವಲ್ಲ ಅಂದೆ. ಅವರು ಮುಖ ಸಿಂಡರಿಸಿ, ಯಾವುದಕ್ಕೂ ಉಜ್ಜುವಾಗ ಸರಿಯಾಗಿ ನೋಡ್ಕಳಿ, ತೂತಿದ್ರೆ ತಂದುಬಿಡಿ, ಒಡೆದು ಮತ್ತೆ ಹೊಯ್ಯೋಣ ಅಂದರು. ಅವರಿಗೆ ಅದು ದೊಡ್ಡ ವಿಷಯವೇ ಅಲ್ಲ, ದಿನಾ ನಡೆಯುವುದು. ಇದನ್ನು ಬರೆಯುವಾಗ ನನಗೆ ಹೆಚ್ಚು ನಾಚಿಕೆಯಾಗುವುದು ಅದಕ್ಕೇ. ಯಾರೂ ನನ್ನನ್ನು ಬೈಯುತ್ತಿರಲಿಲ್ಲ.

ಫಿರಂಗಿ ಮನೆಗೆ ಬಂತು. ಹೊಲಿಗೆ ಮೇಜಿನ ಮೇಲೆ ಗೋಣಿಚೀಲ ಹಾಸಿ, ಅರ ಹಿಡಿದು ಉಜ್ಜುತ್ತಾ ಹೋದೆ. ಒರಟು ಕಪ್ಪು ಹೋಗಿ ಒಳಗಿನಿಂದ ಬಂಗಾರದ ಬಣ್ಣ ಏಳುತ್ತಿತ್ತು. ಎಷ್ಟು ಖುಷಿಯಾಗಿತ್ತು ಅಂದರೆ ಹಾಡಿಕೊಳ್ಳುತ್ತಿದ್ದೆ. ಹಿಂಭಾಗದಲ್ಲಿ, ಮದ್ದು ತುಂಬುವ ಕಡೆ, ಬತ್ತಿ ಇಡುವ ರಂಧ್ರದಿಂದ ಬೆರಳಗಲ ದೂರದಲ್ಲಿ ಒಂದು ಕಪ್ಪು ಚುಕ್ಕೆ ಕಂಡಿತು. ಕೊಳೆ ಅಂದುಕೊಂಡು ಉಜ್ಜಿದೆ. ಉಜ್ಜಿದಷ್ಟೂ ದೊಡ್ಡದಾಯಿತು. ದಬ್ಬಳ ತೆಗೆದುಕೊಂಡು ಚುಚ್ಚಿದೆ. ಅದು ಒಳಗೆ ಹೋಯಿತು, ಹೋಗುತ್ತಲೇ ಇತ್ತು. ದಬ್ಬಳ ಹಾಗೇ ಬಿಟ್ಟು, ಒಳಗೆ ಹೋಗಿ ಒಂದು ಲೋಟ ಟೀ ಮಾಡಿಕೊಂಡು ಕುಡಿದೆ. ಟೀ ಕುಡಿಯುತ್ತಿರುವಾಗಲೇ ನನಗೆ ಗೊತ್ತಿತ್ತು ನಾನೇನು ಮಾಡಲಿದ್ದೇನೆ ಅಂತ.

ಅಚ್ಚಿನಿಂದ ಹರಿಸಿ ತೆಗೆದ ಮೇಣ ಡಬ್ಬಿಯಲ್ಲಿತ್ತು. ಉಜ್ಜಿದ ಕಂಚಿನ ಪುಡಿ ಗೋಣಿಚೀಲದ ಮೇಲೇ ಇತ್ತು. ಹೇಗೆ ಕಲಸಬೇಕು ಅಂತ ನನ್ನ ಅಧ್ಯಾಯದಲ್ಲೇ ಬರೆದುಕೊಂಡಿದ್ದೆ. ನೀನು ಹುಟ್ಟುವ ಮುಂಚಿನಿಂದ ಊರಿನವರ ಬಟ್ಟೆಯ ತೂತು ಮುಚ್ಚಿದ ಕೈ ನನ್ನದು. ಎಲ್ಲಿತ್ತು ಅಂತ ಉಟ್ಟವರಿಗೇ ಗೊತ್ತಾಗಬಾರದು, ಅದೇ ನನ್ನ ಹೆಮ್ಮೆ. ತುಂಬಿದೆ, ಒತ್ತಿದೆ, ಉಜ್ಜಿದೆ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದರೆ ನನಗೇ ಸಿಗಲಿಲ್ಲ. ಆ ಕ್ಷಣ ನನಗೆ ನಾಚಿಕೆಯಾಗಲಿಲ್ಲ, ಗುಬ್ಬಿ. ಎಷ್ಟು ಚೆನ್ನಾಗಿ ಕೂತಿದೆ ಅಂತ ಸಂತೋಷವಾಯಿತು. ಇದನ್ನು ಮುಚ್ಚಿಟ್ಟು ಉಳಿದದ್ದನ್ನು ಹೇಳಿದರೆ ಹೇಳಿದ ಹಾಗಾಗುವುದಿಲ್ಲ.

ಗುಂಪಿನವರು ನೋಡಿ ಬಾಯಿ ತುಂಬ ಹೊಗಳಿದರು. ಮೀಸೆಯಂತೂ ಅದರ ಮೇಲೆ ತಮ್ಮ ಮುಖ ನೋಡಿಕೊಂಡು ಮೀಸೆ ತಿರುವಿ, ದೊಡ್ಡಮ್ಮ, ನಿಮ್ಮನ್ನ ಕಡಿಮೆ ಅಂದಾಜು ಮಾಡಿದ್ದೆ, ತಪ್ಪಾಯ್ತು ಅಂದರು. ಎಷ್ಟು ದಿನದಿಂದ ಕಾದಿದ್ದ ಮಾತು ಅದು. ಅದು ಬಂದಾಗ ತಲೆ ಎತ್ತಲಾಗಲಿಲ್ಲ. ಸಂಕೋಚ ಅಂದುಕೊಂಡರು.

ಈಗ ಆ ದಿನ. ಬತ್ತಿಗೆ ಬೆಂಕಿ ಇಡುವವರು ಯಾರು ಅಂತ ಚೀಟಿ ಎತ್ತಿದ್ದು ನೀನೂ ನೋಡಿದೆ. ನನ್ನ ಹೆಸರು ಬಂತು. ನಾನು ಚೀಟಿಯನ್ನು ಕಂಡಕ್ಟರನ ಕೈಗೆ ಕೊಟ್ಟು, ಫಿರಂಗಿ ಅಂತ ಮೊದಲು ಅಂದವನು ನೀನು, ನೀನೇ ಹಚ್ಚಪ್ಪ ಅಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಮೇಷ್ಟ್ರು, ಇದೇ ನೋಡಿ ಗುಂಪಿನಲ್ಲಿ ಕೆಲಸ ಮಾಡೋದು ಅಂದರೆ ಅಂತ ಉಳಿದ ಗುಂಪುಗಳಿಗೆ ನನ್ನನ್ನು ತೋರಿಸಿದರು. ಅಮ್ಮ, ನಿಂದು ದೊಡ್ಡ ಮನಸ್ಸು ಅಂತ ನೀನು ಕಿವಿಯಲ್ಲಿ ಅಂದೆ. ಮನಸ್ಸಲ್ಲ ಅದು, ಹೆದರಿಕೆ. ಆ ತೂತಿನ ಪಕ್ಕದಲ್ಲಿ ನಿಲ್ಲಲು ನನ್ನ ಕಾಲು ಒಪ್ಪಲಿಲ್ಲ. ಅವನಾದರೋ ಖುಷಿಯಿಂದ ಪ್ಯಾಂಟಿಗೆ ಕೈ ಒರೆಸಿಕೊಂಡು, ರೈಟ್ ರೈಟ್ ಅಂತ ಹೋಗಿ ನಿಂತ.

ಪಟಾಕಿ ಮಾಡುವ ಲೈಸೆನ್ಸಿನವರು ಬಂದು ಮದ್ದು ಹಾಕಿದರು. ಹಾಕುವ ಮುಂಚೆ ಬಾಗಿ ನೋಡಿ, ಎಲ್ಲೂ ತೂತುಗೀತು ಇಲ್ಲ ತಾನೆ ಅಂದರು. ಇಲ್ಲ ಅಂತ ಮೀಸೆ ಎದೆಯುಬ್ಬಿಸಿ ಹೇಳಿದರು. ಪಾಪ, ಅವರಿಗೇನು ಗೊತ್ತು. ಮದ್ದು ಕಮ್ಮಿ, ಏನೂ ಆಗುವುದಿಲ್ಲ ಅಂತ ನಾನು ನನಗೇ ಹೇಳಿಕೊಂಡೆ. ಹಾಗೆ ಹೇಳಿಕೊಳ್ಳುತ್ತಾ ಪಕ್ಕಕ್ಕೆ ನೋಡಿದರೆ ನೀನು ಹಗ್ಗದ ಬೇಲಿಯ ಮೇಲೆ ಬಾಗಿ ಫೋನು ಹಿಡಿದಿದ್ದೀಯ, ಫಿರಂಗಿಯ ಹಿಂಭಾಗಕ್ಕೆ ಸರಿಯಾಗಿ.

ಆ ಒಂದು ಕ್ಷಣದಲ್ಲಿ ನನಗೆ ಎಲ್ಲ ಸ್ಪಷ್ಟವಾಗಿತ್ತು. ಕೈ ಎತ್ತಿ, ನಿಲ್ಲಿಸಿ ಅನ್ನಬಹುದಿತ್ತು. ಗಂಟಲಿನ ತನಕ ಬಂದಿತ್ತು. ಬಾಯಿಂದ ಹೊರಟದ್ದು ನೀರಿನ ಬಾಟಲಿ.

ಗುಬ್ಬಿ, ಏನೂ ಆಗುವುದಿಲ್ಲ ಅಂತ ನಾನು ನಿಜವಾಗಿ ನಂಬಿದ್ದರೆ ನಿನ್ನನ್ನು ಅಲ್ಲಿಂದ ಕಳಿಸುತ್ತಿರಲಿಲ್ಲ. ಕಳಿಸಿದೆ ಅಂದರೆ ಆಗಬಹುದು ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ನನ್ನ ಮಗಳನ್ನು ಮಾತ್ರ ಮೆಟ್ಟಿಲು ಹತ್ತಿಸಿದೆ. ಬೇರೆಯವರ ಮಗ ಬೆಂಕಿಯ ಕೋಲು ಹಿಡಿದು ಅಲ್ಲೇ ನಿಂತಿದ್ದ. ನಾನು ಹೋಗಿ ಕಂಬದ ಹಿಂದೆ ನಿಂತೆ.

ಸಿಡಿಯಿತು. ಏನೂ ಆಗಲಿಲ್ಲ. ಪಾರಿವಾಳಗಳು ಎದ್ದವು, ಪ್ರಿನ್ಸಿಪಾಲರ ಕೋಣೆಯ ಕಿಟಕಿ ಅದುರಿತು, ಎಲ್ಲರೂ ಕೇಕೆ ಹಾಕಿದರು. ಕಂಡಕ್ಟರ್ ಹೊಗೆಯೊಳಗಿಂದ ಕೆಮ್ಮುತ್ತಾ ಬಂದು ನನ್ನ ಕಾಲು ಮುಟ್ಟಿದ. ನಮ್ಮ ಗುಂಪಿಗೆ ಮೊದಲ ಸ್ಥಾನ ಬಂತು. ಇಷ್ಟಕ್ಕೇ ಮುಗಿದಿದ್ದರೆ ನಾನು ಈ ಕಾಗದ ಬರೆಯುತ್ತಿದ್ದೆನೋ ಇಲ್ಲವೋ, ಹೇಳಲಾರೆ. ಬಹುಶಃ ಬರೆಯುತ್ತಿರಲಿಲ್ಲ. ಬಾಯಾರಿತ್ತು ಅಂತಲೇ ಸಾಯುವ ತನಕ ಹೇಳುತ್ತಿದ್ದೆ.

ಒರೆಸಿಡುತ್ತೇನೆ ಅಂತ ಫಿರಂಗಿಯನ್ನು ಮನೆಗೆ ತಂದೆ. ಗೋಣಿಚೀಲದ ಮೇಲೆ ಇಟ್ಟು ಹಿಂಭಾಗ ತಿರುಗಿಸಿದರೆ, ನಾನು ಮೇಣ ತುಂಬಿದ ಜಾಗದಿಂದ ಒಂದು ಕಪ್ಪು ಮಸಿಯ ಗೆರೆ ಹೊರಗೆ ಹರಿದಿತ್ತು. ಒಳಗಿನ ಬೆಂಕಿ ಆ ತೂತಿನ ದಾರಿ ಹಿಡಿದು ಮೇಣ ಕರಗಿಸಿಕೊಂಡು ಹೊರಗೆ ಇಣುಕಿ ಹೋಗಿತ್ತು. ಅದರ ಪಕ್ಕ ಕೂದಲೆಳೆಯಂಥ ಬಿರುಕು. ನೋಡುತ್ತಾ ಕೂತೆ. ಆಮೇಲೆ ಏನು ಮಾಡಿದೆ ಗೊತ್ತಾ. ಮಸಿ ಒರೆಸಿ ಮತ್ತೆ ಮೇಣ ಕಲಸಿ ತುಂಬಿದೆ. ಕೈಗೆ ಅಭ್ಯಾಸವಾಗಿಹೋಗಿತ್ತು.

ಮೊನ್ನೆ ಪ್ರಿನ್ಸಿಪಾಲರು ನಮ್ಮನ್ನು ಕರೆದು, ಬರುವ ಶನಿವಾರ ಕಾಲೇಜಿನ ವಾರ್ಷಿಕೋತ್ಸವಕ್ಕೆ ಫಿರಂಗಿ ಹಾರಿಸಿಯೇ ಶುರು ಮಾಡೋಣ, ಈ ಸಲ ಶಬ್ದ ಬೀದಿ ಕೊನೆಗೂ ಕೇಳಿಸಬೇಕು ಅಂದರು. ಪಟಾಕಿಯವರು ಮದ್ದನ್ನು ದುಪ್ಪಟ್ಟು ಹಾಕಲು ಒಪ್ಪಿದ್ದಾರೆ. ಹಚ್ಚುವವನು ಕಂಡಕ್ಟರನೇ. ಡಿಪೋದವರನ್ನೆಲ್ಲ ಕರೆದಿದ್ದಾನಂತೆ. ಶನಿವಾರ ಶರ್ಟು ಹೊಸದು ಹಾಕ್ಕೊಳ್ಳಲಾ ದೊಡ್ಡಮ್ಮ ಅಂತ ಕೇಳಿದ. ಹಾಕ್ಕೋ ಅಂದೆ.

ಅವತ್ತಿನಿಂದ ಅನ್ನ ಇಳಿಯುತ್ತಿಲ್ಲ. ನಿಮ್ಮಪ್ಪ, ಮೊದಲ ಸ್ಥಾನ ಬಂದಿದ್ದಕ್ಕೆ ಗರ್ವ, ಹೊಟ್ಟೆ ಅದರಲ್ಲೇ ತುಂಬಿದೆ ಅಂತ ರೇಗಿಸುತ್ತಾರೆ. ಅವರಿಗೆ ಹೇಳಿಲ್ಲ. ನಿನಗೇ ಮೊದಲು ಹೇಳಬೇಕು ಅನ್ನಿಸಿತು. ಯಾಕೆ ಗೊತ್ತಾ? ಪಕ್ಕದ ಮನೆಯವರ ಗೋಡೆ ಗಡಿಯಾರ ನೆನಪಿದೆಯಾ ನಿನಗೆ? ಚೆಂಡು ಹೊಡೆದು ಗಾಜು ಒಡೆದು, ಚೂರುಗಳನ್ನು ನಿನ್ನ ಲಂಗದ ಜೇಬಿನಲ್ಲಿ ಬಚ್ಚಿಟ್ಟುಕೊಂಡು ಬಂದಿದ್ದೆ. ಇನ್ನೂ ಸ್ಕೂಲಿಗೆ ಸೇರಿದ ಹೊಸತು. ನಾನು ಕಿವಿ ಹಿಂಡಿ ಕರೆದುಕೊಂಡು ಹೋಗಿ, ಹೇಳೋ ತನಕ ಊಟ ಇಲ್ಲ ಅಂತ ಅವರ ಗೇಟಿನ ಹತ್ತಿರ ಒಬ್ಬಳನ್ನೇ ನಿಲ್ಲಿಸಿದೆ. ನೀನು ಅಳುತ್ತಾ ನಿಂತೆ, ಆಮೇಲೆ ಅಳು ನಿಲ್ಲಿಸಿ ಹೋಗಿ ಹೇಳಿದೆ. ನಾನು ಕಿಟಕಿಯಿಂದ ನೋಡುತ್ತಿದ್ದೆ. ನನ್ನ ಮಗಳನ್ನು ಎಷ್ಟು ಚೆನ್ನಾಗಿ ಬೆಳೆಸುತ್ತಿದ್ದೇನೆ ಅಂತ ನನಗೆ ನಾನೇ ಬೆನ್ನು ತಟ್ಟಿಕೊಂಡೆ. ಆ ಕಥೆಯನ್ನು ನೆಂಟರಿಷ್ಟರ ಮುಂದೆ ಎಷ್ಟು ಸಲ ಹೇಳಿದ್ದೇನೆ, ನೀನು ಪ್ರತಿಸಲವೂ ಎದ್ದು ಒಳಗೆ ಹೋಗುತ್ತಿದ್ದೆ. ಇನ್ನು ಮೇಲೆ ಆ ಕಥೆ ಹೇಳುವ ಬಾಯಿ ನನಗಿಲ್ಲ.

ಹೇಳಿದರೆ ಏನಾಗುತ್ತದೆ ಅನ್ನುವುದನ್ನೂ ಯೋಚಿಸಿದ್ದೇನೆ. ಮೇಷ್ಟ್ರು ಅಂಕ ವಾಪಸ್ಸು ತೆಗೆದುಕೊಳ್ಳಬಹುದು. ನನ್ನದು ಹೋದರೆ ಹೋಗಲಿ, ಈ ವಯಸ್ಸಿಗೆ ನನಗೆ ಯಾರು ಕೆಲಸ ಕೊಡಬೇಕಿದೆ. ಆದರೆ ಗುಂಪಿನ ಅಂಕ ಅಂದರೆ ಎಲ್ಲರದ್ದೂ. ನರ್ಸಮ್ಮ ನಿದ್ದೆಗೆಟ್ಟು ಗಳಿಸಿದ್ದು, ಕಂಡಕ್ಟರನ ಡಿಪೋ ಕುರ್ಚಿ, ಎಲ್ಲಕ್ಕೂ ನಾನು ಕಲ್ಲು ಹಾಕಿದ ಹಾಗೆ. ಸುಮ್ಮನಿರಲು ಇದೇ ಒಳ್ಳೆಯ ನೆಪ ಅಂತ ಎರಡು ದಿನ ಇದನ್ನೇ ಹಿಡಿದುಕೊಂಡು ಕೂತಿದ್ದೆ. ಅವರ ಒಳ್ಳೆಯದಕ್ಕೇ ಹೇಳುತ್ತಿಲ್ಲ ಅನ್ನುವಷ್ಟು ದೂರ ಹೋಗಿದ್ದೆ. ಫಿರಂಗಿಯನ್ನು ಬಚ್ಚಿಟ್ಟು ಕಳೆದುಹೋಯಿತು ಅನ್ನೋಣ ಅಂತಲೂ ಅನ್ನಿಸಿತು. ಸುಳ್ಳು ಹೇಳಲು ದಾರಿ ಹುಡುಕುವಾಗ ನಿನ್ನಮ್ಮನ ತಲೆ ಎಷ್ಟು ಚುರುಕು ನೋಡು.

ಆದ್ದರಿಂದ ಹೀಗೆ ಮಾಡಿದ್ದೇನೆ. ಬೆಳಗ್ಗೆ ದಬ್ಬಳ ತೆಗೆದುಕೊಂಡು ಮೇಣವನ್ನೆಲ್ಲ ಕೆತ್ತಿ ಹಾಕಿದೆ. ತೂತು ಈಗ ಬಾಯಿ ತೆರೆದುಕೊಂಡಿದೆ, ಕುರುಡನಿಗೂ ಕೈಗೆ ಸಿಗುತ್ತದೆ. ಮೇಣದ ಡಬ್ಬಿಯನ್ನು ತಿಪ್ಪೆಗೆ ಎಸೆದು ಬಂದೆ. ಈ ಕಾಗದ ಮುಗಿಸಿ ಈಗಲೇ ಅಂಚೆಗೆ ಹಾಕುತ್ತೇನೆ. ನಾಳೆ ಸಂಜೆ ಫಿರಂಗಿಯನ್ನು ಚೀಲದಲ್ಲಿ ಹಾಕಿಕೊಂಡು ಕಾಲೇಜಿಗೆ ಹೋಗಿ, ಮೇಷ್ಟ್ರ ಮೇಜಿನ ಮೇಲಿಟ್ಟು, ಎಲ್ಲರೆದುರು ಹೇಳುತ್ತೇನೆ. ಹೇಳದೆ ಬಂದರೂ ನಡೆದದ್ದೆಲ್ಲ ನಿನಗೆ ಗೊತ್ತಿರುತ್ತದೆ. ನೀನು ಫೋನು ಮಾಡಿ, ಹೇಳಿದೆಯಾ ಅಂತ ಒಂದೇ ಮಾತು ಕೇಳು. ಟೊಮೇಟೊ ರೇಟಿಗೆ ಹೋಗಲು ಬಿಡಬೇಡ.

ನಿನ್ನನ್ನು ಮೆಟ್ಟಿಲು ಹತ್ತಿಸಿದ್ದಕ್ಕೆ ಕ್ಷಮೆ ಕೇಳಲಾರೆ. ಮತ್ತೆ ಅಂಥ ಕ್ಷಣ ಬಂದರೆ ಮತ್ತೆ ಹತ್ತಿಸುತ್ತೇನೆ ಅಂತ ನನಗೆ ಗೊತ್ತು. ಉಳಿದವರನ್ನು ಅಲ್ಲೇ ಬಿಟ್ಟದ್ದಕ್ಕೆ ಕ್ಷಮಿಸುವುದು ನಿನ್ನ ಕೈಯಲ್ಲಿಲ್ಲ. ನಿನ್ನಿಂದ ಬೇಕಾದದ್ದು ಇಷ್ಟೇ, ಫೋನು ಎತ್ತು. ಬಿಸಿಲಲ್ಲಿ ಟೋಪಿ ಹಾಕಿಕೋ.

ನಾಚಿಕೆಯಿಂದ,
ನಿನ್ನ ಅಮ್ಮ

ತಾ.ಕ.: ಕಾಗದ ಮಡಚಿ ಕವರಿಗೆ ಹಾಕಿ ಮತ್ತೆ ಹೊರಗೆ ತೆಗೆದೆ. ಎಲ್ಲ ಬರೆದಿದ್ದೇನೆ ಅಂದುಕೊಂಡಿದ್ದೆ. ಬರೆದಿರಲಿಲ್ಲ. ಕಂಬದ ಹಿಂದೆ ನಾನೊಬ್ಬಳೇ ಇರಲಿಲ್ಲ. ಕಂಡಕ್ಟರನ ತಾಯಿ ನನ್ನ ಪಕ್ಕ ನಿಂತಿದ್ದರು. ಹೂವಿನ ಚಿತ್ರದ ಸೀರೆ ಉಟ್ಟಿದ್ದವರು, ನೀನೂ ನೋಡಿರಬೇಕು. ನೀನು ಮೆಟ್ಟಿಲು ಹತ್ತುತ್ತಿದ್ದಾಗ ಅವರು ನನ್ನ ಕೈ ಹಿಡಿದು, ಏನೂ ಆಗಲ್ಲ ಅಲ್ವಾ ಅಕ್ಕಾ ಅಂತ ಕೇಳಿದರು. ಏನೂ ಆಗಲ್ಲ, ನಾನೇ ಕೈಯಾರೆ ಉಜ್ಜಿ ನೋಡಿದೀನಿ ಅಂದೆ. ಅವರಿಗೆ ಧೈರ್ಯ ಬಂತು. ನಾಳೆ ಕಾಲೇಜಿಗಿಂತ ಮೊದಲು ಅವರ ಮನೆಗೆ ಹೋಗುತ್ತೇನೆ, ಯಾಕೆಂದರೆ ಆ ಮಾತು ಕೇಳಿದ ಮೇಲೆ ಅವರು ನನ್ನ ಕೈ ಬಿಟ್ಟು, ಕಂಬದ ಮರೆಯಿಂದ ಹೊರಗೆ ಹೋಗಿ, ಹಗ್ಗದ ಹತ್ತಿರ, ನೀನು ನಿಂತಿದ್ದ ಜಾಗದಲ್ಲೇ ನಿಂತುಕೊಂಡು ಮಗನನ್ನು ನೋಡಿದರು. ನಾನು ಅವರನ್ನು ಕರೆಯಲಿಲ್ಲ.